ಡ್ರೈ ಬ್ಯಾಗಿನ ವಂಶಾವಳಿ

ಕಳೆದ ತಿಂಗಳ ಒಂದು ಭಾನುವಾರ ನಾನು ನೀರಿಗೆ ಬಿದ್ದೆ. ಬಿದ್ದದ್ದು ಕಸುಮಿಗಾಉರಾ ಸರೋವರದಲ್ಲಿ, ದಡದಿಂದ ಬಹಳ ದೂರವೇನಲ್ಲ. ಮೈಮೇಲೆ ಲೈಫ್ ಜಾಕೆಟ್ ಇತ್ತು, ಜೊತೆಗೆ ದೋಣಿ ನಡೆಸಲು ಬಲ್ಲ ಸ್ನೇಹಿತರಿದ್ದರು. ಹಾಗಾಗಿ ಪ್ರಾಣಕ್ಕೇನೂ ಸಂಚಕಾರ ಬರಲಿಲ್ಲ, ಮಾನಕ್ಕೆ ಮಾತ್ರ ಸ್ವಲ್ಪ ಬಂತು.

ತ್ಸುಕುಬಾ ಅಂದ ಕೂಡಲೇ ಜನಕ್ಕೆ ನೆನಪಾಗೋದು ಪ್ರಯೋಗಾಲಯಗಳು, ವಿಶ್ವವಿದ್ಯಾಲಯ, ಜೊತೆಗೆ 877 ಮೀಟರ್ ಎತ್ತರದ ಅವಳಿ ಶಿಖರದ ಗುಡ್ಡ. ಇಲ್ಲಿ ನೀರೂ ಇದೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮೂರ ಪಕ್ಕದಲ್ಲೇ ಹರಿಯುವ ಸಕುರಾ ನದಿ ತ್ಸುಚಿಉರಾದಲ್ಲಿ ಕಸುಮಿಗಾಉರಾ ಸೇರುತ್ತದೆ. ಜಪಾನಿನಲ್ಲಿ ಬಿವಾ ಬಿಟ್ಟರೆ ಅತಿ ದೊಡ್ಡ ಸರೋವರ ಇದೇ. ದೊಡ್ಡದು ನಿಜ, ಆದರೆ ಆಳ ಕಡಿಮೆ, ಸರಾಸರಿ ನಾಲ್ಕು ಮೀಟರ್. ಗಾಳಿ ಎದ್ದರೆ ಮಾತ್ರ ಚಿಕ್ಕ ಅಲೆಗಳು ಒಂದರ ಹಿಂದೆ ಒಂದು ಬಂದು ದೋಣಿಯನ್ನು ಅಲ್ಲಾಡಿಸುತ್ತವೆ. ಆ ಅಲ್ಲಾಟದಲ್ಲೇ ನಾನು ಪಲ್ಟಿ ಹೊಡೆದದ್ದು.

ವಿಷಯ ಅದಲ್ಲ. ದೋಣಿಗೆ ಕಟ್ಟಿದ್ದ ನನ್ನ ಕಿತ್ತಳೆ ಬಣ್ಣದ ಡ್ರೈ ಬ್ಯಾಗು ನನಗಿಂತ ಚೆನ್ನಾಗಿ ತೇಲುತ್ತಿತ್ತು. ದಡಕ್ಕೆ ಬಂದು, ಬಾಯಿಯ ಸುರುಳಿ ಬಿಚ್ಚಿ ನೋಡಿದೆ. ಫೋನು ಸರಿಯಾಗಿತ್ತು. ಆದರೆ ನನ್ನ ನೋಟ್ ಪುಸ್ತಕದ ಹಾಳೆಗಳೆಲ್ಲ ಮೆತ್ತಗೆ, ಒದ್ದೆ ಒದ್ದೆ! ಚೀಲದಲ್ಲಿ ತೂತಿಲ್ಲ, ಬಾಯಿ ಸರಿಯಾಗೇ ಸುತ್ತಿತ್ತು. ಹಾಗಾದರೆ ನೀರು ಎಲ್ಲಿಂದ ಬಂತು? ಸ್ನೇಹಿತರೊಬ್ಬರು ಕೈ ಹಾಕಿ ಒಳಗಿಂದ ಒಂದು ಟವಲ್ ಎಳೆದರು. ಬೆಳಿಗ್ಗೆ ದೋಣಿ ಒರೆಸಿ, ಹಾಗೇ ಹಸಿಯಾಗಿ ನಾನೇ ತುರುಕಿದ್ದ ಟವಲ್ಲು. "ಡ್ರೈ ಬ್ಯಾಗು ಹೊರಗಿನ ನೀರನ್ನು ಒಳಗೆ ಬಿಡೋದಿಲ್ಲ, ಒಳಗಿನ ನೀರನ್ನು ಹೊರಗೂ ಬಿಡೋದಿಲ್ಲ" ಅಂದರು, ನಗುತ್ತಾ.

ಆ ಮಾತು ಕೇಳಿ ನನಗೆ ನಗು ಬರಲಿಲ್ಲ. ಊರಿನಲ್ಲಿ ನಮ್ಮಜ್ಜನ ಒಂದು ತಗಡಿನ ಡಬ್ಬ ಇದೆ, ಅದು ನೆನಪಾಯ್ತು. ಅದರ ಕಥೆ ಕೊನೆಗೆ ಹೇಳುತ್ತೇನೆ. ಅಲ್ಲಿಗೆ ಹೋಗುವ ಮೊದಲು ಈ ಚೀಲದ ವಂಶಾವಳಿ ಸ್ವಲ್ಪ ನೋಡೋಣ. ಹೊಳೆ ದಾಟುವಾಗ ಮನುಷ್ಯ ನೆನೆದರೆ ಒಣಗುತ್ತಾನೆ, ಆದರೆ ಅವನ ಜೊತೆಗಿರುವ ಕೆಲವು ವಸ್ತುಗಳು ನೆನೆದರೆ ಮುಗಿದೇ ಹೋಯಿತು. ಅದನ್ನು ಉಳಿಸಿಕೊಳ್ಳಲು ನಮ್ಮ ಹಿಂದಿನವರು ಏನೇನು ಮಾಡಿದ್ದರು?

ಮೊದಲು ಈಗಿನ ಚೀಲ. ಇದರಲ್ಲಿ ಮಾಯಮಂತ್ರ ಏನಿಲ್ಲ. ನೀರು ಇಳಿಯದ ಲೇಪನ ಇರುವ ಬಟ್ಟೆ. ಹೊಲಿದರೆ ಸೂಜಿಯ ತೂತಿನಿಂದ ನೀರು ಬರುತ್ತೆ ಅಂತ ಅಂಚುಗಳನ್ನು ಬಿಸಿಯಿಂದ ಬೆಸೆದಿರುತ್ತಾರೆ, ಹೊಲಿದಿದ್ದರೆ ಮೇಲೊಂದು ಪಟ್ಟಿ ಅಂಟಿಸಿರುತ್ತಾರೆ. ಜಿಪ್ ಇಲ್ಲ. ಬಾಯನ್ನು ಕನಿಷ್ಠ ಮೂರು ಸುತ್ತು ಸುರುಳಿ ಸುತ್ತಿ, ಎರಡು ತುದಿ ಸೇರಿಸಿ ಬಕಲ್ ಹಾಕಬೇಕು. ಅಂಗಡಿಯಲ್ಲಿ ಸಕ್ಕರೆ ಪೊಟ್ಟಣದ ಬಾಯಿ ಮಡಚಿ ಮಡಚಿ ಕಟ್ಟುತ್ತಿದ್ದರಲ್ಲ, ಅದೇ ಉಪಾಯ. ಒಳಗೆ ಉಳಿದ ಗಾಳಿಯಿಂದ ಚೀಲ ತೇಲುತ್ತದೆ. ಇಪ್ಪತ್ತು ಲೀಟರಿನ ಚೀಲ ಪೂರ್ತಿ ಮುಳುಗಬೇಕಾದರೆ ಇಪ್ಪತ್ತು ಕಿಲೋ ನೀರನ್ನು ಪಕ್ಕಕ್ಕೆ ತಳ್ಳಬೇಕು. ಐದು ಕಿಲೋ ಸಾಮಾನಿಗೆ ಅದು ಸಾಧ್ಯವಿಲ್ಲ. ಹಾಗಂತ ಇದನ್ನು ನೀರಿನಡಿ ಗಂಟೆಗಟ್ಟಲೆ ಇಡುವ ಹಾಗಿಲ್ಲ. ಮಳೆಗೆ, ಎರಚಲಿಗೆ, ಒಂದೆರಡು ಮುಳುಗಿಗೆ ಸಾಕು, ಅಷ್ಟೇ.

ಈ ಬಟ್ಟೆಯ ಮೂಲಪುರುಷ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್. ಕಲ್ಲಿದ್ದಲ ಡಾಂಬರಿನಿಂದ ಸಿಗುವ ನಾಫ್ತಾದಲ್ಲಿ ರಬ್ಬರ್ ಕರಗಿಸಿ, ಎರಡು ಬಟ್ಟೆಗಳ ನಡುವೆ ಅದನ್ನು ಹಚ್ಚಿ ಅಂಟಿಸುವ ವಿಧಾನಕ್ಕೆ 1823ರಲ್ಲಿ ಪೇಟೆಂಟ್ ಪಡೆದ. ಚಳಿಗೆ ಅದು ಹಪ್ಪಳದಂತೆ ಗಟ್ಟಿಯಾಗುತ್ತಿತ್ತು, ಬಿಸಿಲಿಗೆ ಹಲಸಿನ ಮೇಣದಂತೆ ಅಂಟುತ್ತಿತ್ತು. ಗಂಧಕ ಸೇರಿಸಿ ಕಾಯಿಸಿದರೆ ರಬ್ಬರ್ ಹದವಾಗಿ ನಿಲ್ಲುತ್ತದೆ ಅನ್ನೋದಕ್ಕೆ ಅಮೆರಿಕದಲ್ಲಿ ಗುಡ್‌ಇಯರ್, ಇಂಗ್ಲೆಂಡಿನಲ್ಲಿ ಹ್ಯಾನ್‌ಕಾಕ್ 1844ರಲ್ಲಿ ಪೇಟೆಂಟ್ ಪಡೆದ ಮೇಲೆ ಆ ತೊಂದರೆ ತಪ್ಪಿತು.

ಆದರೂ 1869ರಲ್ಲಿ ಜಾನ್ ವೆಸ್ಲಿ ಪೊವೆಲ್ ಒಂಬತ್ತು ಜನ, ನಾಲ್ಕು ದೋಣಿ ಕಟ್ಟಿಕೊಂಡು ಅಮೆರಿಕದ ಗ್ರೀನ್ ಮತ್ತು ಕೊಲೊರಾಡೊ ನದಿಗಳಲ್ಲಿ ಹೊರಟಾಗ ಅವರ ಊಟ ಒಣಗಿ ಉಳಿಯಲಿಲ್ಲ. ಜೂನ್ ತಿಂಗಳಲ್ಲೇ ಒಂದು ದೋಣಿ ಬಂಡೆಗೆ ಬಡಿದು ಹೋಳಾಯ್ತು. ಎತ್ತರ ಅಳೆಯುವ ಬ್ಯಾರೊಮೀಟರುಗಳು ಅದರಲ್ಲೇ ಇದ್ದವು. ಮರುದಿನ ಇಬ್ಬರು ಪ್ರಾಣ ಪಣಕ್ಕಿಟ್ಟು ಮುರಿದ ದೋಣಿಯ ತನಕ ಹೋಗಿ ಅವನ್ನು ತಂದರು. ಆದರೆ ಹಿಟ್ಟು ಮತ್ತೆ ಮತ್ತೆ ನೆನೆದು ಗಂಟುಕಟ್ಟಿತು. ಸೊಳ್ಳೆಪರದೆಯಲ್ಲಿ ಜರಡಿ ಹಿಡಿದು ತಿಂದರು. ಮುಂದೆ ಎರಡನೇ ಮಹಾಯುದ್ಧ ಮುಗಿದು ಸೈನ್ಯದ ಹಳೇ ಸಾಮಾನು ಅಗ್ಗಕ್ಕೆ ಸಿಗತೊಡಗಿದಾಗ, ಅಲ್ಲಿನ ನದಿಯಾನದವರು ರಬ್ಬರ್ ಲೇಪದ ಚೀಲಗಳನ್ನೂ ಗುಂಡು ತುಂಬಿಸುವ ಕಬ್ಬಿಣದ ಪೆಟ್ಟಿಗೆಗಳನ್ನೂ ಕೊಂಡು ಹೊಳೆಗೆ ಇಳಿಸಿದರು. ನನ್ನ ಕಿತ್ತಳೆ ಚೀಲ ಆ ಸಿಪಾಯಿ ಚೀಲದ ಮೊಮ್ಮಗ.

ಇದು ಪಾಶ್ಚಾತ್ಯರ ಕಡೆಯ ವಂಶ. ಈಗ ನಾನಿರುವ ದೇಶಕ್ಕೆ ಬರೋಣ.

ಜಪಾನಿನಲ್ಲಿ ರಬ್ಬರ್ ಇರಲಿಲ್ಲ, ಕಾಗದ ಇತ್ತು. ಕಾಗದದಿಂದ ನೀರು ತಡೆಯೋದಾ ಅಂತ ನಗಬೇಡಿ. ಕೊಜೊ ಅನ್ನುವ ಗಿಡದ ತೊಗಟೆಯ ಉದ್ದುದ್ದ ನಾರಿನಿಂದ ಮಾಡಿದ ಕಾಗದಕ್ಕೆ ಎಗೊಮಾ ಬೀಜದ ಎಣ್ಣೆ ಸವರಿ ಒಣಗಿಸಿದರೆ ಅದು ನೀರಿಗೆ ಜಗ್ಗುವುದಿಲ್ಲ. ಕೊಡೆ, ಮಳೆಯಂಗಿ, ಹೊರೆಯ ಮೇಲಿನ ಹೊದಿಕೆ, ಎಲ್ಲಾ ಅದರದ್ದೇ. 1878ರಲ್ಲಿ ಉತ್ತರ ಜಪಾನಿನಲ್ಲಿ ಕುದುರೆ ಮೇಲೆ ಅಲೆದ ಇಸಾಬೆಲ್ಲಾ ಬರ್ಡ್ ಕೂಡ ಈ ಎಣ್ಣೆ ಕಾಗದದ ಮಳೆಯಂಗಿಯ ಬಗ್ಗೆ ಬರೆದಿದ್ದಾಳೆ. ಇಲ್ಲಿ ಮಳೆಯಂಗಿಗೆ ಇವತ್ತಿಗೂ 'ಕಪ್ಪಾ' ಅಂತಾರೆ. ಮೊದಲ ಸಲ ಕೇಳಿದಾಗ "ಅರೆ, ನಮ್ಮ ಕಂಬಳಿ ಕೊಪ್ಪೆ!" ಅಂತ ಹಿಗ್ಗಿದ್ದೆ. ಆಮೇಲೆ ಗೊತ್ತಾಯ್ತು, ಅದು ಪೋರ್ಚುಗೀಸರ 'ಕಾಪಾ'ದಿಂದ ಬಂದದ್ದು. ಕೊಪ್ಪೆಗೂ ಕಪ್ಪಾಗೂ ಸಂಬಂಧ ಇಲ್ಲ. ಹೋಗಲಿ ಬಿಡಿ, ಮಳೆಯ ಸಂಬಂಧ ಒಂದಿದೆಯಲ್ಲ.

ಎಣ್ಣೆ ಕಾಗದದ ಒಂದು ಸೊಗಸಾದ ಉಪಯೋಗ ಶಿಮಾದಾ ಊರಿನ ಓಯಿ ನದಿಯಲ್ಲಿತ್ತು. ಎದೊ, ಅಂದರೆ ಈಗಿನ ತೊಕ್ಯೊ, ಅಲ್ಲಿಂದ ಕ್ಯೊತೊಗೆ ಹೋಗುವ ಹೆದ್ದಾರಿ ಈ ನದಿಯನ್ನು ದಾಟಬೇಕು. ತೊಕುಗಾವಾ ಆಡಳಿತ ಅಲ್ಲಿ ಸೇತುವೆಯನ್ನೂ ಬಿಡಲಿಲ್ಲ, ದೋಣಿಯನ್ನೂ ಬಿಡಲಿಲ್ಲ. ಪ್ರಯಾಣಿಕರು ಹಮಾಲರ ಹೆಗಲೇರಿಯೋ, ಏಣಿಯಂಥ ಚೌಕಟ್ಟಿನ ಮೇಲೆ ಕೂತೋ ದಾಟಬೇಕಿತ್ತು. ಹಿರೊಶಿಗೆಯ ಚಿತ್ರಗಳಲ್ಲಿ ಇದನ್ನು ನೋಡಬಹುದು. ಕೂಲಿ ನೀರಿನ ಆಳದ ಮೇಲೆ: ತೊಡೆಸಂದಿಗೆ ಇಷ್ಟು, ಸೊಂಟಕ್ಕೆ ಇಷ್ಟು, ಎದೆಗೆ ಇಷ್ಟು, ಕಂಕುಳಿಗೆ ಇಷ್ಟು ಅಂತ. ಪ್ರಯಾಣಿಕ ಮೊದಲು ಕಚೇರಿಯಲ್ಲಿ ಚೀಟಿ ಕೊಳ್ಳಬೇಕು, ಅದನ್ನು ಹಮಾಲನಿಗೆ ಕೊಡಬೇಕು. ಹಮಾಲ ಆ ಚೀಟಿಯನ್ನು ತಲೆಗೂದಲಿಗೋ ತಲೆಪಟ್ಟಿಗೋ ಕಟ್ಟಿಕೊಂಡು ಹೊಳೆಗೆ ಇಳಿಯುತ್ತಿದ್ದ. ಆಮೇಲೆ ಅದನ್ನು ಕೊಟ್ಟು ಹಣ ಪಡೆಯುತ್ತಿದ್ದ. ಚೀಟಿ ನೆನೆದು ಹರಿದರೆ ಆ ದಿನದ ಕೂಲಿಯೇ ಹೋಯಿತು! ಅದಕ್ಕೇ ಆ ಚೀಟಿಗೆ ನೀರು ತಾಗದಂತೆ ಲೇಪ ಮಾಡಿರುತ್ತಿದ್ದರು. ಅದರ ಇನ್ನೊಂದು ಹೆಸರೇ 'ಎಣ್ಣೆ ಚೀಟಿ'.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ನೀರು ನಾಲ್ಕೂವರೆ ಶಾಕು, ಅಂದರೆ ಸುಮಾರು 136 ಸೆಂಟಿಮೀಟರ್ ಮುಟ್ಟಿದರೆ ಮನುಷ್ಯರು ದಾಟುವುದು ಬಂದ್. ಆದರೆ ಸರ್ಕಾರಿ ಪತ್ರಗಳ ಪೆಟ್ಟಿಗೆ ಮಾತ್ರ ಐದು ಶಾಕು, ಸುಮಾರು ಒಂದೂವರೆ ಮೀಟರ್ ತನಕ ದಾಟಬಹುದಿತ್ತು. ಮನುಷ್ಯ ದಾಟಬಾರದ ನೀರನ್ನು ಕಾಗದ ದಾಟುತ್ತಿತ್ತು, ಮನುಷ್ಯರ ತಲೆಯ ಮೇಲೆ. 1870ರಲ್ಲಿ ಈ ಪದ್ಧತಿ ನಿಂತಿತು.

ನಮ್ಮ ಕಡೆ ಹೇಗಿತ್ತು? ತುಂಗಭದ್ರೆಯ ಹರಿಗೋಲು ಎಲ್ಲರಿಗೂ ಗೊತ್ತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ದೊಮಿಂಗೊ ಪಾಯೆಸ್, ಆನೆಗುಂದಿಗೆ ಜನ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ದಾಟುತ್ತಾರೆ, ಒಳಗೆ ಬೆತ್ತ ಹೊರಗೆ ಚರ್ಮ, ಒಂದರಲ್ಲಿ ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ ಅಂತ ಬರೆದಿಟ್ಟಿದ್ದಾನೆ. ಯೋಚನೆ ಮಾಡಿ ನೋಡಿ, ಹರಿಗೋಲು ಅಂದರೆ ದೊಡ್ಡದೊಂದು ಬಾಯಿ ತೆರೆದ ಡ್ರೈ ಬ್ಯಾಗೇ ಅಲ್ವಾ! ಬೆತ್ತ ಆಕಾರ ಕೊಡುತ್ತದೆ, ಚರ್ಮ ನೀರು ತಡೆಯುತ್ತದೆ, ಒಳಗಿನ ಗಾಳಿ ತೇಲಿಸುತ್ತದೆ.

ಇನ್ನು ಮಲೆನಾಡಿನಲ್ಲಿ ಹುಟ್ಟಿದವರಿಗೆ ನೀರು ಹೊಳೆಯಲ್ಲಿ ಮಾತ್ರ ಇರೋದಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ಗಾಳಿಯೇ ನೀರು. ಗದ್ದೆಗೆ ಹೋಗುವವರ ಬೆನ್ನಿಗೆ ಗೊರಬು, ತಲೆಗೆ ಹಾಳೆಟೋಪಿ, ಮೈಗೆ ಕಂಬಳಿ ಕೊಪ್ಪೆ. ಉಪ್ಪು ಮರಿಗೆಯಲ್ಲಿ, ಉಪ್ಪಿನಕಾಯಿ ಬಾಯಿಗೆ ಬಟ್ಟೆ ಕಟ್ಟಿದ ಭರಣಿಯಲ್ಲಿ. ಈಜು ಕಲಿಯುವ ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆ. ಮನೆಯಲ್ಲಿ ಅತ್ಯಂತ ಒಣ ಜಾಗ ಯಾವುದು ಅಂದರೆ ಅಡುಗೆಮನೆಯ ಒಲೆಯ ಮೇಲಿನ ಹೊಗೆ ಅಟ್ಟ. ಬಿತ್ತನೆ ಬೀಜ, ಹುಣಸೆಹಣ್ಣು, ಕೊಟ್ಟೆ ಕಟ್ಟಿದ ಸಾಮಾನು ಎಲ್ಲ ಅಲ್ಲೇ. ಹೊರಗಿನ ನೀರು ತಡೆಯೋದಲ್ಲ, ಒಳಗಿನ ತೇವವನ್ನು ದಿನಾ ಓಡಿಸೋದು ಅದರ ಕೆಲಸ. ಈ ಮಾತು ನೆನಪಿಟ್ಟುಕೊಳ್ಳಿ.

ಮತ್ತೆ ಜಪಾನಿಗೆ. ಎದೊ ಕಾಲದ ನಡುವಿನಿಂದ ಮೆಯ್ಜಿ ಕಾಲದ ತನಕ ಪಶ್ಚಿಮದ ಸಮುದ್ರದಲ್ಲಿ ಕಿತಾಮಾಎ ಹಡಗುಗಳು ಅಕ್ಕಿ, ಉಪ್ಪು, ಒಣಮೀನು ಹೊತ್ತು ಓಡಾಡುತ್ತಿದ್ದವು. ಆ ಹಡಗಿನ ಯಜಮಾನನ ಹತ್ತಿರ 'ಫುನಾದಾನ್ಸು' ಅನ್ನುವ ಪೆಟ್ಟಿಗೆ ಇರುತ್ತಿತ್ತು. ಹೊರಗೆ ಗಟ್ಟಿ ಕೆಯಾಕಿ ಮರ, ಮೇಲೆ ದಪ್ಪ ಕಬ್ಬಿಣದ ಪಟ್ಟಿಗಳು. ಒಳಗಿನ ಪೆಟ್ಟಿಗೆಗಳು ಮಾತ್ರ ತುಂಬಾ ಹಗುರವಾದ ಕಿರಿ ಮರದವು. ಅದರಲ್ಲಿ ಹಡಗಿನ ರಹದಾರಿ ಪತ್ರ, ಲೆಕ್ಕದ ಕಾಗದ, ಮೊಹರು, ಹಣ. ಕಿರಿ ಮರದ ಗುಣ ಏನಂದರೆ ನೀರು ತಾಗಿದರೆ ಉಬ್ಬುತ್ತದೆ, ಉಬ್ಬಿ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಹಡಗು ಮುಳುಗಿದರೂ ಪೆಟ್ಟಿಗೆ ತೇಲಬೇಕು ಅಂತಲೇ ಮಾಡಿದ್ದು. ಸಾದೊ ದ್ವೀಪದ ಒಗಿ, ಸಕಾತಾ, ಮಿಕುನಿ ಬಂದರುಗಳು ಇದಕ್ಕೆ ಹೆಸರಾಗಿದ್ದವು. ರಬ್ಬರ್ ಇಲ್ಲ, ಬಕಲ್ ಇಲ್ಲ. ನೀರೇ ಬಂದು ಬಾಗಿಲು ಹಾಕುತ್ತದೆ!

ಇನ್ನೊಂದು ಉಪಾಯ ನಮ್ಮ ಇಬಾರಾಕಿ ಪ್ರಾಂತ್ಯದ್ದೇ. ಇಲ್ಲಿಂದ ಉತ್ತರಕ್ಕೆ ಹಿತಾಚಿಒಮಿಯಾ ಕಡೆ ನಿಶಿನೊಉಚಿ ಅನ್ನುವ ಕೈಕಾಗದ ಮಾಡುತ್ತಾರೆ. ಎದೊದ ವ್ಯಾಪಾರಿಗಳು ಲೆಕ್ಕದ ಪುಸ್ತಕಕ್ಕೆ ಇದನ್ನೇ ಬಯಸುತ್ತಿದ್ದರು. ಎದೊ ಮರದ ಮನೆಗಳ ಊರು, ಬೆಂಕಿ ಅಲ್ಲಿ ನಿತ್ಯದ ಭಯ. ಬೆಂಕಿ ಬಿದ್ದರೆ ವ್ಯಾಪಾರಿ ಲೆಕ್ಕದ ಪುಸ್ತಕವನ್ನು ಬಾವಿಗೆ ಎಸೆದು ಓಡುತ್ತಿದ್ದ, ಬೆಂಕಿ ಆರಿದ ಮೇಲೆ ಎತ್ತಿ ಒಣಗಿಸಿದರೆ ಸಾಲ ಯಾರದ್ದು, ಎಷ್ಟು ಅಂತ ಓದಬಹುದಿತ್ತು ಅಂತ ಇಲ್ಲಿ ಹೇಳುತ್ತಾರೆ. ಉದ್ದ ನಾರಿನ ಕಾಗದ ನೀರಿನಲ್ಲಿ ಹರಿಯೋದಿಲ್ಲ. ಮಸಿ ಅಂದರೆ ದೀಪದ ಕಾಡಿಗೆ, ಇಂಗಾಲ. ಅದು ನೀರಿನಲ್ಲಿ ಕರಗೋದಿಲ್ಲ.

ಇದನ್ನು ಓದಿದಾಗ ನಮ್ಮ ಕಡತ ನೆನಪಾಯ್ತು. ಈಗ ಕಡತ ಅಂದರೆ ಸರ್ಕಾರಿ ಫೈಲು. ಮೂಲದಲ್ಲಿ ಅದು ಬಟ್ಟೆಯ ಪುಸ್ತಕ: ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಹಚ್ಚಿ ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುವುದು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ದೊಡ್ಡ ನಿಧಿ. ವರ್ಷಗಟ್ಟಲೆ ಬಾಳುತ್ತದೆ, ಅಳಿಸಿ ಮತ್ತೆ ಬರೆಯಬಹುದು. ಆದರೆ ಕಡತವನ್ನು ಬಾವಿಗೆ ಎಸೆದರೆ ಲೆಕ್ಕ ಚುಕ್ತಾ! ಅಂಟೂ ಹೋಯಿತು, ಬಳಪವೂ ಹೋಯಿತು. ಅದೇ ತಾಳೆಗರಿ ಹಾಗಲ್ಲ. ಕಂಟದಿಂದ ಕೊರೆದ ಅಕ್ಷರ. ಮಸಿ ತೊಳೆದುಹೋದರೂ ಗೀರು ಇರುತ್ತದೆ, ಮತ್ತೆ ಮಸಿ ಸವರಿದರೆ ಅಕ್ಷರ ಎದ್ದು ಬರುತ್ತದೆ. ಅಂದರೆ ನೀರಿನಿಂದ ಉಳಿಯಲು ಎರಡು ದಾರಿ. ಒಂದು, ನೀರು ಒಳಗೆ ಬರದಂತೆ ಮಾಡುವುದು. ಇನ್ನೊಂದು, ನೀರು ಬಂದರೂ ಸಾಯದ ಹಾಗೆ ಬರೆಯುವುದು. ನಾವು ಈಗ ಮೊದಲನೆಯದನ್ನೇ ನೆಚ್ಚಿಕೊಂಡಿದ್ದೇವೆ.

ನೆಚ್ಚಿಕೊಂಡರೆ ಏನಾಗುತ್ತೆ ಅನ್ನೋದನ್ನು ನಾನು ಕಣ್ಣಾರೆ ನೋಡಿದ್ದು 2015ರಲ್ಲಿ. ತ್ಸುಕುಬಾದ ಪಕ್ಕದ ಊರು ಜೋಸೊ. ಕಿನು ನದಿಯ ದಂಡೆಯ ಮೇಲಿದೆ. 17ನೇ ಶತಮಾನದಲ್ಲಿ ತೊನೆ ನದಿಯನ್ನು ಪೂರ್ವಕ್ಕೆ ತಿರುಗಿಸಿ, ಕಿನು ನದಿಯ ಪಾತ್ರವನ್ನೂ ಸರಿಪಡಿಸಿದ ಮೇಲೆ ಈ ಸೀಮೆಯ ಅಕ್ಕಿ, ಸೋಯಾ ಎಲ್ಲ ಚಪ್ಪಟೆ ತಳದ ತಕಾಸೆ ದೋಣಿಗಳಲ್ಲಿ ಎದೊಗೆ ಹೋಗುತ್ತಿತ್ತು. ಈಗಿನ ಜೋಸೊಗೆ ಸೇರಿರುವ ಮಿತ್ಸುಕಾಯ್ದೋ ಆ ದೋಣಿಗಳ ದೊಡ್ಡ ಕಟ್ಟೆ. ಅನ್ನ ಕೊಟ್ಟ ಹೊಳೆಯೇ 2015ರ ಸೆಪ್ಟೆಂಬರ್ 10ರಂದು ಒಡ್ಡು ಒಡೆದುಕೊಂಡು ಊರಿಗೆ ನುಗ್ಗಿತು. ಸುಮಾರು 40 ಚದರ ಕಿಲೋಮೀಟರ್ ನೆಲ ನೀರಾಯಿತು, ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಹೆಲಿಕಾಪ್ಟರ್, ದೋಣಿಗಳಲ್ಲಿ ಎತ್ತಿ ತಂದರು. ನಗರಸಭೆಯ ಕಟ್ಟಡಕ್ಕೂ ನೀರು ನುಗ್ಗಿತು. ಅಲ್ಲಿ ಶಾಶ್ವತವಾಗಿ ಇಡಬೇಕಾದ ಹಳೇ ದಾಖಲೆಗಳೂ ನೆನೆದವು. ಆಮೇಲೆ ರಾಷ್ಟ್ರೀಯ ಪತ್ರಾಗಾರದವರು, ಇತಿಹಾಸ ಬಲ್ಲ ಸ್ವಯಂಸೇವಕರು ಸೇರಿ ಅವನ್ನು ಉಳಿಸಲು ಕೂತರು. ಆ ಪತ್ರಾಗಾರದ ಒಂದು ಶಾಖೆ 1998ರಿಂದ ನಮ್ಮ ತ್ಸುಕುಬಾದಲ್ಲೇ ಇದೆ.

ನನ್ನಂಥ ತಿಳಿಯದವನಿಗೆ ಅಂಥ ನಾಜೂಕಿನ ಕೆಲಸ ಯಾರು ಕೊಡ್ತಾರೆ? ನಾನು ಎರಡು ಶನಿವಾರ ಕೆಸರು ಎತ್ತಲು ಹೋಗಿದ್ದೆ. ಒಂದು ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ. ಟಿವಿ, ಫ್ರಿಜ್ಜು, ತತಾಮಿ ಚಾಪೆ ಎಲ್ಲ ಹೊರಗೆ ಹಾಕಲು ಹೇಳಿದರು. ಒಂದು ಕಿರಿ ಮರದ ಬೀರು ಮಾತ್ರ ಮುಟ್ಟಬೇಡಿ ಅಂದರು. ಅದರ ಖಾನೆಗಳು ಉಬ್ಬಿ ಬಿಗಿದು ಕೂತಿದ್ದವು. ನಾನು ಎಳೆದು ನೋಡಿದೆ, ಜಪ್ಪಯ್ಯ ಅನ್ನಲಿಲ್ಲ. ಸುತ್ತಿಗೆ ತರಲಾ ಅಂತ ಕೇಳಿದೆ. "ಬೇಡಪ್ಪಾ, ಅದು ಬಾಯಿ ಮುಚ್ಚಿಕೊಂಡು ತನ್ನ ಕೆಲಸ ಮಾಡ್ತಾ ಇದೆ. ಒಣಗಿದ ಮೇಲೆ ತಾನೇ ತೆರೆಯುತ್ತೆ" ಅಂದರು.

ಮುಂದಿನ ಶನಿವಾರ ಹೋದಾಗ ಮೇಲಿನ ಎರಡು ಖಾನೆ ತೆರೆದಿದ್ದವು. ಒಳಗೆ ಸೊಸೆಯ ಮದುವೆಯ ಕಿಮೋನೊ, ಒಂದು ಲಕೋಟೆಯಲ್ಲಿ ಮನೆಯ ಪತ್ರಗಳು. ಅಂಚು ಸ್ವಲ್ಪ ತಂಡಿ, ಉಳಿದದ್ದು ಚೆನ್ನಾಗಿತ್ತು. ಎಲ್ಲಕ್ಕಿಂತ ಕೆಳಗಿನ ಖಾನೆ ಸೋತಿತ್ತು. ಬಹಳ ಹೊತ್ತು ನೀರಿನಲ್ಲೇ ನಿಂತದ್ದಲ್ಲವೇ, ಅದರ ತುಂಬ ಕೆಸರು. ಅದರಲ್ಲಿ ಫೋಟೋ ಆಲ್ಬಂ ಇತ್ತು. ಅಜ್ಜಿ ಅದನ್ನು ಬಾಲ್ದಿ ನೀರಿನಲ್ಲಿಟ್ಟು ಒಂದೊಂದೇ ಫೋಟೋ ತೊಳೆದು ಹಗ್ಗಕ್ಕೆ ಕ್ಲಿಪ್ ಹಾಕಿ ನೇತು ಹಾಕಿದರು. ಜೊತೆಗಿದ್ದ ಹುಡುಗಿಯೊಬ್ಬಳು ಪತ್ರಗಳ ವಿಷಯ ಗೊತ್ತಿದ್ದವಳು. ಅಂಟಿಕೊಂಡ ಹಾಳೆಯನ್ನು ಎಳೆಯಬಾರದು, ಬಿಸಿಲಿಗೆ ಹಾಕಬಾರದು, ಮಧ್ಯೆ ಮಧ್ಯೆ ನೀರು ಹೀರುವ ಕಾಗದ ಇಟ್ಟು ಬದಲಿಸುತ್ತಾ ಇರಬೇಕು, ಗಾಳಿ ಆಡಬೇಕು, ಬೂಷ್ಟು ಬರದ ಹಾಗೆ ನೋಡಿಕೊಳ್ಳಬೇಕು ಅಂತೆಲ್ಲ ಹೇಳಿಕೊಟ್ಟಳು. ನಾನು ಬರೆದುಕೊಂಡೆ. ಬರೆದುಕೊಂಡದ್ದು ಜೋಸೊದ ಅಜ್ಜಿಗಾಗಿ ಅಲ್ಲ.

ಈಗ ಡಬ್ಬದ ಕಥೆ.

ನಮ್ಮ ಮೂಲ ಮನೆ ಇದ್ದದ್ದು ಶರಾವತಿ ದಂಡೆಯ ಒಂದು ಹಳ್ಳಿಯಲ್ಲಿ. ಈಗ ಆ ಹಳ್ಳಿ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಅಜ್ಜ ಮನೆ ಬಿಟ್ಟಾಗಿತ್ತು. ಹೊರಟದ್ದು ಮಳೆಗಾಲದ ಶುರುವಿನಲ್ಲಂತೆ. ಮೊದಲು ದೋಣಿ, ಆಮೇಲೆ ಲಾರಿ. ಮನೆಯ ಜಮೀನಿನ ಪತ್ರ, ಕಂದಾಯದ ರಸೀದಿ ಎಲ್ಲ ಅದುವರೆಗೆ ಮರದ ಸಂದೂಕದಲ್ಲಿ ಹೊಗೆ ಅಟ್ಟದ ಪಕ್ಕ ಇದ್ದವು. ಸಂದೂಕ ಭಾರ, ದೋಣಿ ಮಗುಚಿದರೆ ಗತಿಯೇನು ಅಂತ ಅಜ್ಜ ಯೋಚನೆ ಮಾಡಿದರು. ಕಾಗದಗಳನ್ನೆಲ್ಲ ಮೇಣಬಟ್ಟೆಯಲ್ಲಿ ಸುತ್ತಿ, ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬಕ್ಕೆ ಹಾಕಿ, ಮುಚ್ಚಳದ ಸುತ್ತ ಜೇನುಮೇಣ ಕರಗಿಸಿ ಹೊಯ್ದರು. ಡಬ್ಬದ ಕುತ್ತಿಗೆಗೆ ಹಗ್ಗ ಕಟ್ಟಿ, ಇನ್ನೊಂದು ತುದಿ ತಮ್ಮ ಸೊಂಟಕ್ಕೆ. "ನಾನು ಮುಳುಗಿದರೂ ಇದು ತೇಲಿ ತೋರಿಸುತ್ತೆ, ನಾನೆಲ್ಲಿದ್ದೇನೆ ಅಂತ" ಅಂದಿದ್ದರಂತೆ. ಕಿತಾಮಾಎ ಹಡಗಿನ ಯಜಮಾನನಿಗೆ ಹೊಳೆದದ್ದೇ ಅಜ್ಜನಿಗೂ ಹೊಳೆದಿತ್ತು ನೋಡಿ.

ದೋಣಿ ಮಗುಚಲಿಲ್ಲ. ಒಂದು ಹನಿ ನೀರೂ ಡಬ್ಬಕ್ಕೆ ಹೋಗಲಿಲ್ಲ. ಹೊಸ ಜಾಗದಲ್ಲಿ ಸೋಗೆಯ ಗುಡಿಸಲು. ಅಟ್ಟ ಇಲ್ಲ. ಡಬ್ಬ ಭದ್ರವಾಗಿದೆಯಲ್ಲ ಅಂತ ಅಜ್ಜ ಅದನ್ನು ಹಾಗೇ ಇಟ್ಟರು. ವರ್ಷಗಳ ಮೇಲೆ ಯಾವುದೋ ಕಚೇರಿಯಲ್ಲಿ ಹಳೇ ಪತ್ರ ತೋರಿಸಿ ಅಂದಾಗ ಮೇಣ ಒಡೆದು ತೆಗೆದರೆ ಒಳಗೆ ಒಂದು ಇಟ್ಟಿಗೆ! ಎಲ್ಲ ಹಾಳೆ ಒಂದಕ್ಕೊಂದು ಅಂಟಿ, ಬೂಷ್ಟು ಹಿಡಿದು, ಒಂದೇ ಉಂಡೆ. ಹೊಳೆ ದಾಟಿಸಿದ ಡಬ್ಬವೇ ಕಾಗದವನ್ನು ಕೊಂದಿತ್ತು. ಹೇಗೆ ಅಂತ ಅಜ್ಜನಿಗೆ ಸಾಯುವ ತನಕ ಅರ್ಥವಾಗಲಿಲ್ಲ. "ಎಲ್ಲಿ ತೂತಿತ್ತೋ" ಅಂತ ಡಬ್ಬಕ್ಕೆ ನೀರು ತುಂಬಿಸಿ ತುಂಬಿಸಿ ನೋಡುತ್ತಿದ್ದರು ಅಂತ ಅಪ್ಪಯ್ಯ ಹೇಳುತ್ತಾರೆ.

ತೂತು ಇರಲಿಲ್ಲ. ಅಜ್ಜ ಡಬ್ಬ ಮುಚ್ಚಿದ್ದು ಜೂನಿನ ಮಳೆಯಲ್ಲಿ. ಆ ಗಾಳಿಯ ತೇವ, ತಂಡಿ ಹಿಡಿದ ಕಾಗದದ ತೇವ, ಎಲ್ಲವನ್ನೂ ಸೇರಿಸಿಯೇ ಮೇಣ ಹೊಯ್ದರು. ತಗಡು ರಾತ್ರಿ ತಣ್ಣಗಾದಾಗ ಒಳಗೆ ಬೆವರಿತು. ಅದು ಹೊರಗೆ ಹೋಗಲು ದಾರಿಯೇ ಇಲ್ಲ. ಹೊಗೆ ಅಟ್ಟ ದಿನಾ ಮಾಡುತ್ತಿದ್ದ ಕೆಲಸವನ್ನು ಡಬ್ಬ ಮಾಡಲಾರದು. ನನ್ನ ಹಸಿ ಟವಲ್ಲಿನ ಹಾಗೇ.

ಶರಾವತಿ ಮುಳುಗಡೆಯವರ ಭೂಮಿಯ ಹಕ್ಕಿನ ಗೋಜಲು ಅರವತ್ತು ವರ್ಷ ದಾಟಿದರೂ ಪೂರ್ತಿ ಬಿಡಿಸಿಲ್ಲ ಅನ್ನೋದು ಊರಿನವರಿಗೆ ಗೊತ್ತು. ಹಾಗಾಗಿ ಆ ಇಟ್ಟಿಗೆಯನ್ನು ನಮ್ಮನೆಯಲ್ಲಿ ಯಾರೂ ಎಸೆದಿರಲಿಲ್ಲ. ಕಳೆದ ಸಲ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಪ್ಪಯ್ಯ, "ಮಗಾ, ಜಪಾನಲ್ಲಿ ಏನೇನೋ ಕಲ್ತಿದೀಯಲ್ಲ, ಇದನ್ನೊಂದು ಬಿಡಿಸಿ ನೋಡು" ಅಂದರು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬಿದಿರಿನ ತೆಳ್ಳನೆ ಸೀಳು ಹಿಡಿದು ಹನ್ನೊಂದು ದಿನ ಕೂತೆವು. ಮೂಲೆ ಸಡಿಲ ಇದ್ದಲ್ಲಿ ಮಾತ್ರ ಕೈ ಹಾಕುವುದು, ಬಾರದಿದ್ದರೆ ಬಿಡುವುದು. ಬಹುಪಾಲು ಹಾಳೆಗಳು ಪುಡಿ ಪುಡಿಯಾದವು. ನಾಲ್ಕೇ ನಾಲ್ಕು ಹಾಳೆ ಹಾಳೆಯಾಗಿ ಬಂದವು. ಕೈಬರಹದ ಶಾಯಿಯೆಲ್ಲ ಹರಡಿ ನೀಲಿ ಮೋಡವಾಗಿತ್ತು. ಒಂದರಲ್ಲಿ ಮಾತ್ರ ಅಜ್ಜನ ಹೆಸರಿನ ಅರ್ಧ, ಪಕ್ಕದಲ್ಲಿ ಸರ್ವೆ ನಂಬರು ಸ್ಪಷ್ಟ ಉಳಿದಿತ್ತು.

ಅಪ್ಪಯ್ಯ ಕನ್ನಡಕ ಹಾಕಿಕೊಂಡು ಆ ನಂಬರನ್ನು ಮೂರು ಸಲ ಗಟ್ಟಿಯಾಗಿ ಓದಿದರು. ಆಮೇಲೆ, "ಇದು ಹೊಳೆ ಪಕ್ಕದ ಗದ್ದೆ" ಅಂದರು. ಆ ಗದ್ದೆ ಈಗ ನೀರಿನಡಿ. ನಂಬರು ಮಾತ್ರ ಒಣಗಿ ಬಂದಿದೆ. ಅದರಿಂದ ಕಚೇರಿಯಲ್ಲಿ ಏನಾದರೂ ಆಗುತ್ತದೋ ಇಲ್ಲವೋ, ನಕಲು ತೆಗೆಸಿ ಅರ್ಜಿಯ ಜೊತೆ ಲಗತ್ತಿಸಿದ್ದೇವೆ.

ಅಲ್ಲಿಂದ ವಾಪಸ್ ಬರುವ ಮುನ್ನ ಹಿನ್ನೀರಿನ ಕಡೆ ಹೋಗಿದ್ದೆವು. ಸಿಗಂದೂರಿಗೆ ಹೋಗಲು ಲಾಂಚಿಗೆ ಗಂಟೆಗಟ್ಟಲೆ ಕಾಯುತ್ತಿದ್ದ ಜಾಗದಲ್ಲಿ ಈಗ ಸೇತುವೆ, 2025ರ ಜುಲೈಯಲ್ಲಿ ಉದ್ಘಾಟನೆಯಾದದ್ದು. ಕಾರಿನಲ್ಲಿ ಎರಡು ಮೂರು ನಿಮಿಷ, ಅಷ್ಟೇ. ಅಪ್ಪಯ್ಯ ಕಿಟಕಿಯಿಂದ ನೀರನ್ನೇ ನೋಡುತ್ತಿದ್ದರು. ಆ ನಾಲ್ಕು ಹಾಳೆ ಅವರ ಮಡಿಲಲ್ಲಿ, ಹಳೇ ಪೇಪರಿನ ನಡುವೆ. ಡಬ್ಬದಲ್ಲಿ ಹಾಕೋಣವಾ ಅಂದಿದ್ದಕ್ಕೆ ಬೇಡವೇ ಬೇಡ ಅಂದಿದ್ದರು.

ಡ್ರೈ ಬ್ಯಾಗು ಕೊಳ್ಳುವವರಿಗೆ ನನ್ನ ಸಲಹೆ ಇಷ್ಟೇ. ಬಾಯಿ ಮೂರು ಸುತ್ತು ಸುತ್ತಿ. ಒದ್ದೆ ಸಾಮಾನಿಗೆ ಬೇರೆ ಚೀಲ ಇಡಿ. ದಡ ಸೇರಿದ ಕೂಡಲೇ ಬಾಯಿ ಬಿಚ್ಚಿ ಗಾಳಿಗೆ ಇಡಿ. ಮತ್ತೆ ನಿಮ್ಮ ಮನೆಯಲ್ಲೂ ಅಜ್ಜನೋ ಅಪ್ಪನೋ ಭದ್ರವಾಗಿ ಮುಚ್ಚಿಟ್ಟ ಡಬ್ಬ ಇದ್ದರೆ, ಭದ್ರವಾಗಿದೆಯಲ್ಲ ಅಂತ ಸುಮ್ಮನಿರಬೇಡಿ. ಈ ಸಲ ಮಳೆ ಹಿಡಿಯುವ ಮೊದಲೇ, ಒಂದು ಒಣ ಬಿಸಿಲಿನ ದಿನ ನೋಡಿ ತೆರೆದುಬಿಡಿ.